ಕೀಲಿ ಕೊರಿಯರ್‌ನಲ್ಲಿ ಬರುತ್ತದಂತೆ, ದುಡ್ಡು ಮೊದಲು ಕಳಿಸಬೇಕಂತೆ

ಪ್ರಶ್ನೆ: ಮ್ಯೂನಿಕ್‌ನಲ್ಲಿ ಸ್ನಾತಕೋತ್ತರ ಪದವಿಗೆ ಸೀಟು ಸಿಕ್ಕಿದೆ, ಅಕ್ಟೋಬರ್‌ನಲ್ಲಿ ತರಗತಿ ಆರಂಭ. ವಿದ್ಯಾರ್ಥಿ ನಿಲಯದ ಅರ್ಜಿಗೆ ‘ಕಾಯುವ ಪಟ್ಟಿಯಲ್ಲಿದ್ದೀರಿ’ ಎಂಬ ಉತ್ತರವಷ್ಟೇ ಬಂದಿದೆ. ಬಾಡಿಗೆ ಜಾಹೀರಾತುಗಳಿಗೆ ಬರೆದು ಬರೆದು ಸಾಕಾಯಿತು, ಉತ್ತರಿಸಿದ್ದು ಒಬ್ಬರೇ. ಮ್ಯೂನಿಕ್‌ನ ಶ್ವಾಬಿಂಗ್ ಬಡಾವಣೆಯಲ್ಲಿ 38 ಚದರ ಮೀಟರ್‌ನ ಮನೆ, ಪೀಠೋಪಕರಣ ಸಮೇತ, ಎಲ್ಲ ಖರ್ಚು ಸೇರಿ ತಿಂಗಳಿಗೆ 620 ಯೂರೋ. ಮಾಲಕಿ ಕೆಲಸದ ಮೇಲೆ ನಾರ್ವೆಯಲ್ಲಿದ್ದಾರಂತೆ. ಮೂರು ತಿಂಗಳ ಡಿಪಾಸಿಟ್, ಮೊದಲ ಬಾಡಿಗೆ ಸೇರಿ 2,480 ಯೂರೋ ಕಳಿಸಿದರೆ ಕೀಲಿಯನ್ನು ಕೊರಿಯರ್ ಮಾಡುತ್ತಾರಂತೆ, ಮನೆ ಹಿಡಿಸದಿದ್ದರೆ ಹಣ ವಾಪಸ್ಸಂತೆ. ತಮ್ಮ ಗುರುತಿನ ಚೀಟಿಯ ಪ್ರತಿಯನ್ನೂ ಸಹಿ ಮಾಡಿದ ಕರಾರನ್ನೂ ಕಳಿಸಿದ್ದಾರೆ. ನಾನೂ ಪಾಸ್‌ಪೋರ್ಟ್ ಪ್ರತಿ ಕಳಿಸಿದ್ದೇನೆ. ‘ಶೂಫಾ (ಸಾಲ, ಬಾಕಿಗಳ ವರದಿ) ಇಲ್ಲದವರಿಗೆ ಅಲ್ಲಿ ಯಾರೂ ಮನೆ ಕೊಡಲ್ಲ, ಸಿಕ್ಕಿದ್ದನ್ನು ಬಿಡಬೇಡ’ ಎಂದು ವಾಟ್ಸಾಪ್ ಗುಂಪಿನಲ್ಲಿ ಒಬ್ಬರು. ‘ಎರಡು ವಾರದಲ್ಲಿ ವಿಳಾಸ ನೋಂದಾಯಿಸದಿದ್ದರೆ ವೀಸಾಕ್ಕೇ ಕುತ್ತು’ ಎಂದು ಇನ್ನೊಬ್ಬರು. ಶಿಕ್ಷಣ ಸಾಲ ಮಾಡಿ ಹೊರಟವಳು ನಾನು. ಬ್ಲಾಕ್ಡ್ ಅಕೌಂಟ್‌ಗೆ, ಅಂದರೆ ವೀಸಾಕ್ಕೆಂದು ವರ್ಷದ ಖರ್ಚಿನ ಹಣ ಇಟ್ಟು ತಿಂಗಳಿಗಿಷ್ಟೆಂದು ಮಾತ್ರ ಪಡೆಯುವ ಖಾತೆಗೆ, ಹಣ ಹಾಕಿಯಾಗಿದೆ. ಅದರ ಹೊರಗೆ ಇನ್ನೆಷ್ಟು ಬೇಕಾಗುತ್ತದೆ ಎಂದು ಅಪ್ಪ ಕೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಹಣ ಕಳಿಸಬೇಡಿ. ಉಳಿದದ್ದನ್ನು ನಿಧಾನವಾಗಿ ಓದಿದರೂ ನಡೆಯುತ್ತದೆ, ಇದನ್ನು ಮಾತ್ರ ಈಗಲೇ ಪಾಲಿಸಿ.

ಜರ್ಮನಿಗೆ ಓದಲು ಬರುವವರಿಗೆ ವಸತಿ ಸಲಹೆ ಕೊಡುವುದೇ ನನ್ನ ಕೆಲಸ. ಪ್ರತಿ ಬೇಸಿಗೆಯಲ್ಲೂ ನಿಮ್ಮಂಥದ್ದೇ ಪತ್ರಗಳು ಬರುತ್ತವೆ. ಬದಲಾಗುವುದು ಮಾಲೀಕರು ‘ಇರುವ’ ದೇಶ ಮಾತ್ರ. ಒಮ್ಮೆ ನಾರ್ವೆ, ಒಮ್ಮೆ ಇಂಗ್ಲೆಂಡ್, ಇನ್ನೊಮ್ಮೆ ಹಡಗಿನ ಮೇಲಿನ ನೌಕರಿ. ಕಥೆಯನ್ನು ಬಿಡಿ, ಲೆಕ್ಕ ನೋಡಿ. ಮೋಸೆಸ್ ಮೆಂಡೆಲ್ಸೋನ್ ಸಂಸ್ಥೆಯ ಅಧ್ಯಯನದ ಪ್ರಕಾರ 2024ರ ಚಳಿಗಾಲದ ಸೆಮಿಸ್ಟರ್‌ನಲ್ಲಿ, ಬೇರೆಯವರೊಂದಿಗೆ ಹಂಚಿಕೊಂಡ ಮನೆಯ ಒಂದು ಕೋಣೆಗೆ ಜರ್ಮನಿಯ ಸರಾಸರಿ ಬಾಡಿಗೆ 489 ಯೂರೋ, ಮ್ಯೂನಿಕ್‌ನಲ್ಲಿ 790. ಬರೀ ಕೋಣೆಗೇ ಅಷ್ಟಿರುವ ಊರಿನಲ್ಲಿ, ಅದೂ ಶ್ವಾಬಿಂಗ್‌ನಂಥ ಕಡೆ, ಇಡೀ ಮನೆ 620ಕ್ಕೆ ನಿಜವಾಗಿ ಖಾಲಿ ಇದ್ದಿದ್ದರೆ ಪಕ್ಕದ ಬೀದಿಯವರೇ ಅದೇ ದಿನ ಹಿಡಿದಿರುತ್ತಿದ್ದರು. ಮನೆಯನ್ನೇ ನೋಡದ, ಸಾವಿರಾರು ಮೈಲಿ ದೂರದಲ್ಲಿರುವ ಹುಡುಗಿಯ ಬೆನ್ನು ಬೀಳುವ ದರ್ದು ಅಂಥ ಮಾಲಕಿಗೆ ಏಕೆ?

ಇನ್ನು ಡಿಪಾಸಿಟ್. ಜರ್ಮನ್ ನಾಗರಿಕ ಸಂಹಿತೆಯ 551ನೇ ಕಲಮು ಅದಕ್ಕೆ ಮೂರು ತಿಂಗಳ ಬಾಡಿಗೆಯ ಮಿತಿ ಹಾಕಿದೆ, ಅದೂ ಹೀಟಿಂಗ್, ನೀರು, ಕಸ ಎಂದು ಬೇರೆ ತೋರಿಸಿದ ಖರ್ಚು ಬಿಟ್ಟು ಉಳಿಯುವ ಮೂಲ ಬಾಡಿಗೆಯ ಮೇಲೆ. ಈ ಮೂಲ ಬಾಡಿಗೆಗೆ ಇಲ್ಲಿ ‘ಕಾಲ್ಟ್‌ಮೀಟೆ’ ಎನ್ನುತ್ತಾರೆ, ಖರ್ಚೆಲ್ಲ ಸೇರಿದ್ದಕ್ಕೆ ‘ವಾರ್ಮ್‌ಮೀಟೆ’. ಸಾಮಾನ್ಯವಾಗಿ ಕರಾರಿನಲ್ಲಿ ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ. ನಿಮ್ಮ ಮಾಲಕಿ 620ನ್ನು ಮೂರರಿಂದ ಗುಣಿಸಿ ಕೈತೊಳೆದುಕೊಂಡಿದ್ದಾರೆ. ಅದಕ್ಕಿಂತ ಮುಖ್ಯವಾದದ್ದು, ಅದೇ ಕಲಮಿನ ಪ್ರಕಾರ ಡಿಪಾಸಿಟ್ಟನ್ನು ಮೂರು ಸಮ ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರರಿಗಿದೆ, ಮೊದಲ ಕಂತು ಕೊಡಬೇಕಾದದ್ದು ಬಾಡಿಗೆ ಅವಧಿ ಶುರುವಾದಾಗ. ಕೀಲಿ ಕೈಗೆ ಬರುವ ಮೊದಲೇ ಪೂರ್ತಿ ಹಣ ಕೇಳುವುದು ಇಲ್ಲಿನ ಕ್ರಮಕ್ಕೇ ತಿರುಗುಮುರುಗು.

ಗುರುತಿನ ಚೀಟಿ ಕಳಿಸಿದ್ದಾರಲ್ಲ ಎನ್ನುತ್ತೀರಿ. ಆ ಚೀಟಿಯಲ್ಲಿರುವ ಹೆಂಗಸು ಬಹುಶಃ ನಿಜವಾದವರೇ, ನಿಮಗಿಂತ ಮೊದಲು ಇದೇ ಬಲೆಗೆ ಬಿದ್ದವರು. ನೀವು ಕಳಿಸಿದ ಪಾಸ್‌ಪೋರ್ಟ್ ಪ್ರತಿಯೂ ನಾಳೆ ಇನ್ನಾರಿಗೋ ‘ಮಾಲಕಿಯ ಗುರುತು’ ಎಂದು ಹೋಗಬಹುದು. ಹೆದರಿಸಲು ಹೇಳುತ್ತಿಲ್ಲ; ಜಾಹೀರಾತು ಬಂದ ಜಾಲತಾಣಕ್ಕೆ ದೂರು ಕೊಡಿ, ಭಾರತದಲ್ಲಿ 1930 ಸಹಾಯವಾಣಿ ಅಥವಾ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದಾಖಲಿಸಿ, ಆ ಪತ್ರವ್ಯವಹಾರವನ್ನು ಅಳಿಸದೆ ಇಟ್ಟುಕೊಳ್ಳಿ. ಮುಂದೆ ಯಾರಿಗೇ ಪ್ರತಿ ಕೊಟ್ಟರೂ ಅದರ ಮೇಲೆ ಅಡ್ಡಲಾಗಿ ‘ಇಂಥ ಮನೆಯ ಬಾಡಿಗೆ ಅರ್ಜಿಗೆ ಮಾತ್ರ’ ಎಂದು ದಿನಾಂಕ ಸಮೇತ ಬರೆದು ಕೊಡಿ. ಆ ವ್ಯಕ್ತಿಗೆ ಉತ್ತರ ಬರೆಯುವ ಅಗತ್ಯವಿಲ್ಲ. ‘ಅರ್ಧ ಕಳಿಸಿ, ಇನ್ನರ್ಧ ಬಂದ ಮೇಲೆ’ ಎಂದೋ, ಯಾವುದೋ ಪ್ರಸಿದ್ಧ ಬುಕಿಂಗ್ ಕಂಪನಿಯ ಹೆಸರಿನ ಲಿಂಕ್ ಮೂಲಕ ‘ಸುರಕ್ಷಿತವಾಗಿ’ ಕಟ್ಟಿ ಎಂದೋ ಮತ್ತೆ ಬರುತ್ತಾರೆ. ಆ ಲಿಂಕೂ ಅವರದೇ.

ವಾಟ್ಸಾಪ್ ಗುಂಪಿನ ಮಾತುಗಳಿಗೆ ಬರೋಣ. ಶೂಫಾ ಎಂದರೆ ಜರ್ಮನಿಯಲ್ಲಿ ಜನರ ಸಾಲ, ಬಾಕಿಗಳ ದಾಖಲೆ ಇಡುವ ಖಾಸಗಿ ಸಂಸ್ಥೆ; ಮಾಲೀಕರು ಅದರ ವರದಿ ಕೇಳುವುದು ನಿಜ. ನಿನ್ನೆ ವಿಮಾನ ಇಳಿದವರ ಬಗ್ಗೆ ಅದರಲ್ಲಿ ಏನೂ ಇರುವುದಿಲ್ಲ ಎಂಬುದು ವಿದ್ಯಾರ್ಥಿಗಳಿಗೆ ಕೋಣೆ ಕೊಟ್ಟು ಅಭ್ಯಾಸವಿರುವ ಎಲ್ಲ ಮಾಲೀಕರಿಗೂ ಗೊತ್ತು. ಬ್ಲಾಕ್ಡ್ ಅಕೌಂಟ್‌ನ ದೃಢೀಕರಣ ಪತ್ರ, ಪ್ರವೇಶ ಪತ್ರ, ಹಿಂದೆ ಬಾಡಿಗೆಗಿದ್ದರೆ ಬಾಕಿ ಇಲ್ಲವೆಂಬ ಒಂದು ಚೀಟಿ ಅದರ ಜಾಗ ತುಂಬುತ್ತವೆ. ದೊಡ್ಡ ವಸತಿ ಕಂಪನಿಗಳು ಪಟ್ಟು ಹಿಡಿಯುತ್ತವೆ. ಮೊದಲ ವರ್ಷ ಅವರ ಬಾಗಿಲು ಬಡಿಯುವುದೇ ಬೇಡ.

ವಿಳಾಸ ನೋಂದಣಿ, ಇಲ್ಲಿನ ಮಾತಿನಲ್ಲಿ ‘ಆನ್‌ಮೆಲ್ಡುಂಗ್’, ಕಡ್ಡಾಯವೇ ಹೌದು. ಆದರೆ ಎರಡು ವಾರದ ಲೆಕ್ಕ ಶುರುವಾಗುವುದು ಮನೆಗೆ ವಾಸಕ್ಕೆ ಹೋದ ದಿನದಿಂದ. ವಿಮಾನ ಇಳಿದ ದಿನದಿಂದಲ್ಲ. ನೋಂದಣಿಗೆ ಮನೆ ಕೊಟ್ಟವರ ಸಹಿ ಇರುವ ದೃಢೀಕರಣ ಬೇಕು, 2015ರ ನವೆಂಬರ್‌ನಿಂದ ಇದು ನಿಯಮ. ಮುಂದೆ ವಿದೇಶೀಯರ ಕಚೇರಿಯಲ್ಲಿ ವಾಸದ ಪರವಾನಗಿಗೂ ಈ ನೋಂದಣಿ ಚೀಟಿ ಕೇಳುತ್ತಾರೆ, ಆದ್ದರಿಂದ ನಿಮ್ಮ ಪ್ರವೇಶ ವೀಸಾದ ಅವಧಿ ಮುಗಿಯುವುದರೊಳಗೆ ಒಂದು ನೋಂದಾಯಿಸಬಹುದಾದ ವಿಳಾಸ ಬೇಕೇ ಬೇಕು. ವೀಸಾದ ಮೇಲಿನ ಕೊನೆಯ ದಿನಾಂಕ ನೋಡಿಕೊಳ್ಳಿ; ಅದೇ ನಿಮ್ಮ ನಿಜವಾದ ಗಡುವು. ಇದೇ ಭಯವನ್ನು ಬಂಡವಾಳ ಮಾಡಿಕೊಂಡು ಬರೀ ನೋಂದಣಿ ಕಾಗದ ಮಾರುವವರೂ ಇದ್ದಾರೆ. ವಾಸವಿಲ್ಲದ ವಿಳಾಸ ಕೊಟ್ಟವರಿಗೆ 50,000 ಯೂರೋವರೆಗೆ ದಂಡ ಹಾಕಲು ಕಾನೂನಿನಲ್ಲಿ ಅವಕಾಶವಿದೆ, ಕೊಂಡವರೂ ಪಾರಾಗುವುದಿಲ್ಲ. ಅತ್ತ ಹೋಗಲೇಬೇಡಿ.

ಹಾಗಾದರೆ ನಿಮಗೆ ಯಾರೂ ಉತ್ತರಿಸದಿರುವುದು ಏಕೆ? ನೀವು ಎದುರಿಗಿಲ್ಲ, ಅಷ್ಟೇ. ಮ್ಯೂನಿಕ್‌ನಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ಹಿಡಿಯುವುದು ಇಡೀ ಮನೆಯನ್ನಲ್ಲ, ‘ವೇಗೇ’ ಎನ್ನುವ ಹಂಚಿಕೆ ಮನೆಯ ಒಂದು ಕೋಣೆಯನ್ನು. ಅಲ್ಲಿ ಆರಿಸುವವರು ಮಾಲೀಕರಲ್ಲ, ಆಗಲೇ ಅಲ್ಲಿರುವ ಇಬ್ಬರು ಮೂವರು ಹುಡುಗ ಹುಡುಗಿಯರು. ಬೆಳಗ್ಗೆ ಎದ್ದು ಒಂದೇ ಅಡುಗೆಮನೆಯಲ್ಲಿ ಮುಖ ನೋಡಬೇಕಾದವರನ್ನು ಅವರು ಹುಡುಕುತ್ತಿರುತ್ತಾರೆ, ಸಂಜೆ ಅರ್ಧ ಗಂಟೆ ಕೂತು ಮಾತಾಡಿ ತೀರ್ಮಾನಿಸುತ್ತಾರೆ. ಎರಡು ತಿಂಗಳ ಆಚೆ ಬರುವ, ಎಲ್ಲರಿಗೂ ಒಂದೇ ಇಂಗ್ಲಿಷ್ ಒಕ್ಕಣೆ ಕಳಿಸಿದ ಅಪರಿಚಿತೆಯ ಸಂದೇಶವನ್ನು ಅವರು ತೆರೆಯುವುದೂ ಇಲ್ಲ. ಜಾಹೀರಾತಿನಲ್ಲಿ ಅವರೇನು ಬರೆದಿದ್ದಾರೋ ಅದನ್ನು ಹಿಡಿದು, ಹರಕುಮುರುಕು ಜರ್ಮನ್‌ನಲ್ಲಾದರೂ ನಾಲ್ಕು ಸಾಲು ಬರೆದು, ‘ವಿಡಿಯೋ ಕರೆಯಲ್ಲಿ ಸಿಗಲೇ?’ ಎಂದು ಕೇಳಿದವರಿಗೆ ಉತ್ತರ ಬಂದದ್ದನ್ನು ನಾನು ಕಂಡಿದ್ದೇನೆ. ಆ ಕರೆಯಿಂದ ನಿಮಗೂ ಲಾಭ. ಫೋನ್ ಹಿಡಿದು ಕೋಣೆಯಿಂದ ಬೀದಿಬಾಗಿಲಿನವರೆಗೆ ನಡೆದು ತೋರಿಸಿ ಎನ್ನಿ. ನೆಪ ಹೇಳಿದರೆ ಅಲ್ಲಿಗೇ ಬಿಡಿ.

ವಿದೇಶಿ ಹೆಸರಿಗೆ ಕಡಿಮೆ ಉತ್ತರ ಬರುತ್ತದೆ ಎಂಬ ಗುಮಾನಿ ನಿಮಗಿದ್ದರೆ, ಅದು ಪೂರ್ತಿ ಕಲ್ಪನೆಯಲ್ಲ. ಮನೆ ಬಾಡಿಗೆಯಲ್ಲಿ ಜನಾಂಗದ ಆಧಾರದ ಭೇದವನ್ನು 2006ರ ಸಮಾನತಾ ಕಾಯ್ದೆ ನಿಷೇಧಿಸಿದೆ. ಆದರೆ ಬರದ ಉತ್ತರವನ್ನು ಸಾಬೀತು ಮಾಡುವುದು ಕಷ್ಟ. ಬಾಯಿಬಿಟ್ಟು ಹೇಳಿದರೆ, ಬರೆದು ತಿಳಿಸಿದರೆ, ಆಗ ವಿಶ್ವವಿದ್ಯಾಲಯದ ಸಲಹಾ ಕೇಂದ್ರಕ್ಕೆ ಹೋಗಿ. ಉಳಿದ ಮೌನಗಳಿಗೆ ಕಾರಣ ಹುಡುಕುತ್ತ ಕೂರುವುದಕ್ಕಿಂತ ಮುಂದಿನ ಸಂದೇಶ ಬರೆಯುವುದು ಮೇಲು.

ನನ್ನ ಸಲಹೆ ಇದು: ಊರಿನಿಂದ ಕೂತು ಮನೆ ಹಿಡಿಯುವ ಹಟ ಬಿಡಿ, ಮೊದಲ ಆರರಿಂದ ಎಂಟು ವಾರಕ್ಕೆ ಮಾತ್ರ ತಲೆಯ ಮೇಲೊಂದು ಸೂರು ಹಿಡಿಯಿರಿ. ಉಳಿದದ್ದನ್ನು ಇಲ್ಲಿಗೆ ಬಂದು ಹುಡುಕಿ. ಅಕ್ಟೋಬರ್‌ನ ನೂಕುನುಗ್ಗಲು ನವೆಂಬರ್ ಹೊತ್ತಿಗೆ ಕರಗತೊಡಗುತ್ತದೆ. ಕೋರ್ಸ್ ಬಿಟ್ಟವರು, ಮನಸ್ಸು ಬದಲಿಸಿದವರು, ಇನ್ನೊಂದು ಕೋಣೆಗೆ ಹಾರಿದವರು ಖಾಲಿ ಮಾಡಿದ ಜಾಗಗಳು ಹೊರಬರುತ್ತವೆ.

ಆ ಆರೆಂಟು ವಾರಕ್ಕೆ ಒಳ್ಳೆಯ ದಾರಿ ‘ತ್ಸ್ವಿಶೆನ್‌ಮೀಟೆ’, ಅಂದರೆ ಇಂಟರ್ನ್‌ಶಿಪ್ಪಿಗೋ ಬೇರೆ ದೇಶದ ಸೆಮಿಸ್ಟರಿಗೋ ಹೊರಟ ವಿದ್ಯಾರ್ಥಿ ತನ್ನ ಕೋಣೆಯನ್ನು ಸಾಮಾನು ಸಮೇತ ತಾತ್ಕಾಲಿಕವಾಗಿ ಕೊಡುವುದು. ಹಾಸಿಗೆ, ಪಾತ್ರೆ, ಇಂಟರ್ನೆಟ್ ಎಲ್ಲ ಇರುತ್ತದೆ. ಅಪಾಯ ಒಂದೇ: ಒಳಬಾಡಿಗೆಗೆ ಮಾಲೀಕರ ಒಪ್ಪಿಗೆ ಬೇಕು, ಅನೇಕರು ಅದನ್ನು ಪಡೆದಿರುವುದಿಲ್ಲ. ‘ಒಪ್ಪಿಗೆ ಪತ್ರ ಇದೆಯೇ, ಆನ್‌ಮೆಲ್ಡುಂಗ್ ಮಾಡಿಕೊಡುತ್ತೀರಾ’ ಎಂದು ಮೊದಲೇ ಲಿಖಿತವಾಗಿ ಕೇಳಿ. ‘ನೋಂದಣಿ ಮಾತ್ರ ಸಾಧ್ಯವಿಲ್ಲ’ ಎಂದರೆ ಅನುಮತಿಯಿಲ್ಲದ ಒಳಬಾಡಿಗೆ ಎಂದೇ ತಿಳಿಯಬಹುದು. ಹಾಸ್ಟೆಲ್ (ಇಲ್ಲಿ ಇದು ಪ್ರವಾಸಿಗರು ತಂಗುವ ಜಾಗ) ದುಬಾರಿ, ಆದರೆ ನೇರ. ಮ್ಯೂನಿಕ್‌ನದೇ ಒಂದು ಕಿರಿಕಿರಿ ಇದೆ: ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದವರೆಗೆ ಊರಿನಲ್ಲಿ ಅಕ್ಟೋಬರ್‌ಫೆಸ್ಟ್ ಎಂಬ ಬಿಯರ್ ಹಬ್ಬ. ಆ ದಿನಗಳಲ್ಲಿ ಹಾಸ್ಟೆಲ್‌ನ ಹಾಸಿಗೆಗೂ ದರ ನೋಡಿದರೆ ತಲೆ ತಿರುಗುತ್ತದೆ. ಆದದ್ದರಿಂದ ಸೆಪ್ಟೆಂಬರ್ ಮೊದಲಿಗೇ ಬನ್ನಿ, ಇಲ್ಲವೇ ಆ ಎರಡು ವಾರ ಹತ್ತಿರದ ಊರಾದ ಔಗ್ಸ್‌ಬುರ್ಗ್‌ನಲ್ಲಿರಿ. ದೇಶದಾದ್ಯಂತ ಸ್ಥಳೀಯ, ಪ್ರಾದೇಶಿಕ ರೈಲುಗಳಿಗೆಲ್ಲ ಒಂದೇ ಮಾಸಿಕ ಟಿಕೆಟ್ ಇದೆ. ಅದರಲ್ಲೇ ಓಡಾಡಿ ಕೋಣೆಗಳನ್ನು ನೋಡಬಹುದು.

ವಿದ್ಯಾರ್ಥಿ ನಿಲಯದ ಆಸೆ ಬಿಡಬೇಡಿ, ಅದನ್ನೇ ನಂಬಿ ಕೂರಲೂಬೇಡಿ. ಇಲ್ಲಿ ನಿಲಯಗಳನ್ನು ನಡೆಸುವುದು ವಿಶ್ವವಿದ್ಯಾಲಯವಲ್ಲ, ‘ಸ್ಟುಡೀರೆಂಡನ್‌ವೆರ್ಕ್’ ಎಂಬ ಪ್ರಾದೇಶಿಕ ಸಂಸ್ಥೆಗಳು. ಇಡೀ ದೇಶದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬ ವಿದ್ಯಾರ್ಥಿಗೆ ಮಾತ್ರ ಅವುಗಳಲ್ಲಿ ಜಾಗ. ಮ್ಯೂನಿಕ್‌ನ ಅತಿ ದೊಡ್ಡ ನಿಲಯ ಸಮುಚ್ಚಯವಾದ ಫ್ರೈಮಾನ್‌ನ ಸ್ಟುಡೆಂಟನ್‌ಷ್ಟಾಟ್‌ನಲ್ಲಿ 2021ರಲ್ಲಿ ಬೆಂಕಿ ಬಿದ್ದ ಮೇಲೆ ಬಹುಮಹಡಿ ಕಟ್ಟಡಗಳನ್ನು ದುರಸ್ತಿಗೆಂದು ಖಾಲಿ ಮಾಡಿಸಿದ್ದರಿಂದ ಕೊರತೆ ಇನ್ನೂ ಬಿಗಿಯಾಯಿತು. ನಿಲಯದವರು ಕಾಯುವ ಪಟ್ಟಿಯಲ್ಲಿ ಆಸಕ್ತಿ ಮುಂದುವರಿದಿದೆಯೇ ಎಂದು ಕೇಳಿ ಮೇಲ್ ಕಳಿಸಿದಾಗ ಉತ್ತರಿಸದಿದ್ದರೆ ಹೆಸರು ಹೋಗಬಹುದು; ಸ್ಪ್ಯಾಮ್ ಪೆಟ್ಟಿಗೆಯನ್ನೂ ನೋಡುತ್ತಿರಿ. ಚರ್ಚಿನ ಸಂಸ್ಥೆಗಳು, ಪ್ರತಿಷ್ಠಾನಗಳು ನಡೆಸುವ ನಿಲಯಗಳಿಗೆ ಬೇರೆಯಾಗಿ ಅರ್ಜಿ ಹಾಕಬೇಕು. ಕೆಲವದರಲ್ಲಿ ಧರ್ಮ ಕೇಳುವುದಿಲ್ಲ, ಸಂದರ್ಶನ ಮಾತ್ರ ಇರುತ್ತದೆ. ನಮ್ಮವರು ಈ ನಿಲಯಗಳ ಕಡೆ ಕಣ್ಣೆತ್ತಿಯೂ ನೋಡದಿರುವುದು ನನಗೆ ಸೋಜಿಗ.

ನಿಮ್ಮ ತರಗತಿ ಯಾವ ಆವರಣದಲ್ಲಿ ಎಂಬುದನ್ನೂ ವಿಚಾರಿಸಿ. ತಾಂತ್ರಿಕ ವಿಶ್ವವಿದ್ಯಾಲಯದ ಹಲವು ವಿಭಾಗಗಳು ಊರಾಚೆಯ ಗಾರ್ಶಿಂಗ್‌ನಲ್ಲಿವೆ, ಮೆಟ್ರೋದ ಯು6 ಮಾರ್ಗದ ಕೊನೆಯಲ್ಲಿ. ಅಲ್ಲಿ ಓದುವವರು ಶ್ವಾಬಿಂಗ್ ಎಂದು ಹಂಬಲಿಸುವುದು ವ್ಯರ್ಥ, ಗಾರ್ಶಿಂಗ್ ಅಥವಾ ಫ್ರೈಸಿಂಗ್ ಸುತ್ತ ಹುಡುಕುವುದು ಜಾಣತನ.

ಊರಲ್ಲೇ ‘ವಸತಿ ಖಾತರಿ’ ಎಂದು ಸೇವಾಶುಲ್ಕ ಕೇಳುವ ಕನ್ಸಲ್ಟೆಂಟ್‌ಗಳು ನಿಮಗೂ ಗಂಟು ಬೀಳಬಹುದು. ಅವರು ಕೊಡಿಸುವುದು ಬಹುಪಾಲು ನೀವೇ ಬುಕ್ ಮಾಡಬಹುದಾದ ಖಾಸಗಿ ನಿಲಯಗಳು. ಜರ್ಮನಿಯೊಳಗೆ ಬಾಡಿಗೆ ದಲ್ಲಾಳಿಯ ಶುಲ್ಕ ಕೊಡಬೇಕಾದವರು ಅವರನ್ನು ನೇಮಿಸಿಕೊಂಡವರು. 2015ರ ಜೂನ್‌ನಿಂದ ಇದೇ ಕಾನೂನು. ಮಾಲೀಕರು ಇಟ್ಟುಕೊಂಡ ದಲ್ಲಾಳಿಗೆ ನೀವು ಒಂದು ಯೂರೋ ಕೊಡಬೇಕಿಲ್ಲ.

ಕೋಣೆ ಸಿಕ್ಕಿತು ಎಂದುಕೊಳ್ಳಿ. ಸಹಿ ಹಾಕುವ ಮೊದಲು ನೀವು ಯಾರ ಬಾಡಿಗೆದಾರರು ಎಂಬುದನ್ನು ಖಚಿತ ಮಾಡಿಕೊಳ್ಳಿ. ಹಂಚಿಕೆ ಮನೆಯಲ್ಲಿ ಎಲ್ಲರೂ ಒಂದೇ ಕರಾರಿಗೆ ಸಹಿ ಹಾಕಿದ್ದರೆ, ಒಬ್ಬ ಬಾಡಿಗೆ ಕೊಡದೆ ಓಡಿಹೋದಾಗ ಮಾಲೀಕರು ಪೂರ್ತಿ ಹಣವನ್ನು ನಿಮ್ಮೊಬ್ಬರಿಂದಲೇ ಕೇಳಬಹುದು. ಒಬ್ಬರೇ ಮುಖ್ಯ ಬಾಡಿಗೆದಾರರಿದ್ದು ನೀವು ಅವರ ಒಳಬಾಡಿಗೆದಾರರಾದರೆ ಆ ಹೊರೆ ಇಲ್ಲ, ಆದರೆ ಡಿಪಾಸಿಟ್ ಆ ವಿದ್ಯಾರ್ಥಿಯ ಕೈಯಲ್ಲಿರುತ್ತದೆ, ಅವರ ಕರಾರು ಮುಗಿದರೆ ನಿಮ್ಮ ನೆಲೆಯೂ ಅಲ್ಲಾಡುತ್ತದೆ. ಪ್ರತಿ ಕೋಣೆಗೂ ಮಾಲೀಕರೊಂದಿಗೆ ಪ್ರತ್ಯೇಕ ಕರಾರು ಇರುವುದು ಹೊಸಬರಿಗೆ ಎಲ್ಲಕ್ಕಿಂತ ನೆಮ್ಮದಿ. ಬಿಡುವಾಗ ಸಾಮಾನ್ಯ ನೋಟಿಸ್ ಮೂರು ತಿಂಗಳು, ತಿಂಗಳ ಮೂರನೇ ಕೆಲಸದ ದಿನದೊಳಗೆ ತಲುಪಿದರೆ ಮಾತ್ರ ಆ ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಅದು ಕೈಯಿಂದ ಸಹಿ ಮಾಡಿದ ಕಾಗದವಾಗಿರಬೇಕು. ಇಮೇಲ್, ವಾಟ್ಸಾಪ್ ನಡೆಯುವುದಿಲ್ಲ. ನಿಲಯಗಳಿಗೂ ಮಾಲೀಕರದೇ ಮನೆಯೊಳಗಿನ ಪೀಠೋಪಕರಣ ಸಹಿತ ಕೋಣೆಗಳಿಗೂ ನಿಯಮ ಬೇರೆ, ಕರಾರು ಓದಿ.

ಕೀಲಿ ಪಡೆಯುವ ದಿನ ಗೋಡೆಯ ಕಲೆ, ನೆಲದ ಗೀರು, ಕಿಟಕಿ, ಮೀಟರ್ ಓದು ಎಲ್ಲವನ್ನೂ ಹಸ್ತಾಂತರ ಪತ್ರದಲ್ಲಿ ಬರೆಸಿ ಇಬ್ಬರೂ ಸಹಿ ಮಾಡಿ, ಫೋಟೋ ತೆಗೆದಿಡಿ. ಡಿಪಾಸಿಟ್ ವಾಪಸಿನ ಜಗಳಗಳಲ್ಲಿ ನನ್ನ ಬಳಿ ಬರುವವರಲ್ಲಿ ಈ ಕಾಗದ ಇದ್ದವರಿಗೆ ಹಣ ಬರುತ್ತದೆ, ಇಲ್ಲದವರಿಗೆ ಬರೀ ವಾದ ಉಳಿಯುತ್ತದೆ. ಅಂಚೆ ಪೆಟ್ಟಿಗೆಯ ಮೇಲೆ ಅಂದೇ ನಿಮ್ಮ ಹೆಸರು ಅಂಟಿಸಿ. ಇಲ್ಲಿನ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಮನೆಗೆ ನಂಬರ್ ಇರುವುದಿಲ್ಲ, ಅಂಚೆಯವರು ಹೆಸರು ನೋಡಿ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಬ್ಯಾಂಕ್ ಕಾರ್ಡು, ತೆರಿಗೆ ಸಂಖ್ಯೆ ಎಲ್ಲ ಹಿಂದಕ್ಕೆ ಹೋಗುತ್ತವೆ. ರೇಡಿಯೋ ಟಿವಿ ಶುಲ್ಕವೆಂದು ತಿಂಗಳಿಗೆ 18.36 ಯೂರೋ ಕೇಳುವ ಪತ್ರ ಬಂದರೆ ಗಾಬರಿಯಾಗಬೇಡಿ. ಅದು ತಲೆಗಿಷ್ಟೆಂದಲ್ಲ, ಮನೆಗಿಷ್ಟು. ರೂಮ್‌ಮೇಟ್ ಕಟ್ಟುತ್ತಿದ್ದರೆ ಅವರ ಶುಲ್ಕದ ಸಂಖ್ಯೆ ಬರೆದು ಕಳಿಸಿದರಾಯಿತು.

ಈಗ ನಿಮ್ಮ ತಂದೆಯವರ ಪ್ರಶ್ನೆ. 2024ರ ಸೆಪ್ಟೆಂಬರ್‌ನಿಂದ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು, ತಿಂಗಳಿಗೆ ಕೈಗೆ ಬರುವುದು 992 ಮಾತ್ರ, ಅದೂ ಇಲ್ಲಿ ಬಂದು ಸಾಮಾನ್ಯ ಬ್ಯಾಂಕ್ ಖಾತೆ ತೆರೆದ ಮೇಲೆ. ಎಲ್ಲ ಸೇರಿ 790 ಯೂರೋದ ಕೋಣೆ, ಅದರಲ್ಲಿ ಮೂಲ ಬಾಡಿಗೆ 600 ಎಂದಿಟ್ಟುಕೊಳ್ಳಿ. ಡಿಪಾಸಿಟ್ 1,800ರವರೆಗೆ ಹೋಗಬಹುದು. ಕಂತಿನಲ್ಲಿ ಕೊಟ್ಟರೂ ಮೊದಲ ತಿಂಗಳು 790 ಮತ್ತು 600, ಒಟ್ಟು 1,390. ಊಟ, ಆರೋಗ್ಯ ವಿಮೆ ಇನ್ನೂ ಬಾಕಿ. ಕಂತಿನ ಹಕ್ಕನ್ನು ಕೋಣೆ ನೋಡಲು ಹೋದಾಗಲೇ ಎತ್ತಿದರೆ ಮಾಲೀಕರು ಮುಂದಿನವರಿಗೆ ಕೊಟ್ಟುಬಿಡುತ್ತಾರೆ. ಸಹಿಯಾದ ಮೇಲೆ ಕೇಳಿ. ಕರಾರಿನಲ್ಲಿ ‘ಒಂದೇ ಗಂಟಿನಲ್ಲಿ’ ಎಂದು ಬರೆದಿದ್ದರೂ ಹಕ್ಕು ಹೋಗುವುದಿಲ್ಲ. ತಾತ್ಕಾಲಿಕ ವಸತಿಯ ಖರ್ಚನ್ನು ಬೇರೆ ಇಟ್ಟು, ಬ್ಲಾಕ್ಡ್ ಅಕೌಂಟ್‌ನ ಹೊರಗೆ 2,500ರಿಂದ 3,000 ಯೂರೋ ನಿಮ್ಮ ಕೈಗೆಟಕುವಂತಿರಲಿ. ಇದರಲ್ಲಿ 1,800 ಮುಂದೊಂದು ದಿನ ವಾಪಸ್ ಬರುವ ಹಣ, ಖರ್ಚೆಂದು ಬರೆದುಕೊಳ್ಳಬೇಡಿ ಎಂದು ಅವರಿಗೆ ತಿಳಿಸಿ. ಸಾಲದ ಮೊತ್ತ ಹೆಚ್ಚಿಸಬೇಕಿದ್ದರೆ ಬ್ಯಾಂಕಿನಲ್ಲಿ ಈಗಲೇ ಕೇಳಿ, ವಿಮಾನ ಹತ್ತಿದ ಮೇಲೆ ಆ ಕಾಗದಪತ್ರಗಳಿಗೆ ಓಡಾಡಬೇಕಾದವರು ಅವರೇ.